ನಿಲ್ಲಿಸುವ ಮುನ್ನ ಒಮ್ಮೆ ನಿಲ್ಲಿ

ಊರ ಜಾತ್ರೆಗೋ ನೆಂಟರ ಮದುವೆಗೋ ಹೊರಟ ದಿನ ಬ್ಯಾಗಿನಲ್ಲಿ ಸೀರೆ, ಪಂಚೆ, ಉಡುಗೊರೆ ಎಲ್ಲವೂ ಸೇರಿರುತ್ತವೆ. ಮಾತ್ರೆಯ ಡಬ್ಬಿ ಮಾತ್ರ ಟಿ.ವಿ. ಪಕ್ಕದ ಗೂಡಿನಲ್ಲೇ ಉಳಿದುಬಿಡುತ್ತದೆ. ಊರು ಮುಟ್ಟಿದ ಮೇಲೆ ಮಗಳಿಗೆ ನೆನಪಾಗುತ್ತದೆ.

‘ಅಪ್ಪಾ, ಬಿ.ಪಿ. ಮಾತ್ರೆ ತಂದಿದ್ದೀರಾ?’

‘ನಾಲ್ಕು ದಿನ ತಾನೇ, ಬಿಡಮ್ಮ. ತಿಂದೂ ತಿಂದೂ ಸಾಕಾಗಿದೆ. ನಾಲ್ಕು ದಿನ ಬಿಟ್ಟರೆ ಮೈಗೂ ಒಂಚೂರು ಆರಾಮ.’

ಈ ಮಾತು ಕೇಳಿಬರದ ಮನೆ ನಮ್ಮಲ್ಲಿ ವಿರಳ. ಒಂದೆರಡು ದಿನ ತಪ್ಪಿದರೂ ದೊಡ್ಡ ತೊಂದರೆ ಕೊಡದ ಮಾತ್ರೆಗಳು ಹಲವಿವೆ. ಆದರೆ ಆ ಡಬ್ಬಿಯಲ್ಲಿರುವುದು ಬೀಟಾ ಬ್ಲಾಕರ್ ಆಗಿದ್ದು, ಅದನ್ನು ತಿನ್ನುವವರಿಗೆ ಹೃದಯದ ರಕ್ತನಾಳದ ಕಾಯಿಲೆಯೂ ಇದ್ದರೆ, ಆ ‘ನಾಲ್ಕು ದಿನ’ ಬಲು ದುಬಾರಿಯಾಗಬಹುದು. ಈ ಔಷಧದ ವಿಚಾರದಲ್ಲಿ ಜನ ಹೆದರುವುದು ಒಂದಕ್ಕೆ, ಹೆದರಬೇಕಾದದ್ದು ಇನ್ನೊಂದಕ್ಕೆ. ಸುಸ್ತು, ತಣ್ಣನೆಯ ಕೈಕಾಲು, ಕೆಟ್ಟ ಕನಸು ಇವುಗಳಿಗೆ ಹೆದರಿ ಮಾತ್ರೆಯನ್ನು ತಟ್ಟನೆ ಬಿಟ್ಟುಬಿಡುತ್ತಾರೆ. ಅಡ್ಡಪರಿಣಾಮಗಳಲ್ಲಿ ಹೆಚ್ಚಿನವಕ್ಕೆ ಪರಿಹಾರವಿದೆ. ಹೇಳದೆ ಕೇಳದೆ ನಿಲ್ಲಿಸಿದ್ದರಿಂದ ಆಗುವ ಅನಾಹುತಕ್ಕೆ ಎಷ್ಟೋ ಸಲ ಪರಿಹಾರ ಇರುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು

ನಾಯಿ ಅಟ್ಟಿಸಿಕೊಂಡು ಬಂದಾಗ, ಎದುರಿಗೆ ಲಾರಿ ನುಗ್ಗಿದಾಗ, ಯಾರೋ ಏರುದನಿಯಲ್ಲಿ ಬೈದಾಗ ಎದೆ ಡವಡವ ಎನ್ನುತ್ತದಲ್ಲ, ಅದು ಅಡ್ರಿನಲಿನ್ ಮತ್ತು ಅದರ ಒಡಹುಟ್ಟಾದ ನಾರ್‌ಅಡ್ರಿನಲಿನ್‌ಗಳ ಕೆಲಸ. ಇವು ಜೀವಕೋಶಗಳ ಮೇಲಿರುವ ಕೆಲವು ಬಾಗಿಲುಗಳನ್ನು ತಟ್ಟಿ ಆಜ್ಞೆ ಮುಟ್ಟಿಸುತ್ತವೆ. ವಿಜ್ಞಾನಿಗಳು ಆ ಬಾಗಿಲುಗಳನ್ನು ಗ್ರಾಹಿಗಳು ಎನ್ನುತ್ತಾರೆ. ಅವು ಆಲ್ಫಾ, ಬೀಟಾ ಎಂಬ ಎರಡು ಬಗೆಯವು ಎಂದು 1948ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್. ಆಗ ಆ ಪ್ರಬಂಧಕ್ಕೆ ಸಿಕ್ಕ ಮನ್ನಣೆ ಅಷ್ಟಕ್ಕಷ್ಟೆ.

ಅದನ್ನು ಗಂಭೀರವಾಗಿ ಓದಿದವರಲ್ಲಿ ಸ್ಕಾಟ್ಲೆಂಡಿನ ವೈದ್ಯ ಜೇಮ್ಸ್ ಬ್ಲ್ಯಾಕ್ ಒಬ್ಬರು. ಅವರ ತಂದೆ ಕಾರು ಅಪಘಾತದ ಆಘಾತದ ಬೆನ್ನಲ್ಲೇ ಹೃದಯಾಘಾತದಿಂದ ತೀರಿಕೊಂಡಿದ್ದರು. ಮನಸ್ಸಿನ ತಲ್ಲಣ ಹೃದಯವನ್ನು ಹೇಗೆ ಹಿಂಡುತ್ತದೆ ಎಂಬ ಪ್ರಶ್ನೆ ಬ್ಲ್ಯಾಕ್ ಅವರನ್ನು ಬಿಡಲಿಲ್ಲ. ರಕ್ತನಾಳ ಕಿರಿದಾಗಿ ಎದೆನೋವು ಬರುವವರಿಗೆ, ಹೃದಯಕ್ಕೆ ಇನ್ನಷ್ಟು ರಕ್ತ ಹರಿಸುವುದು ಹೇಗೆ ಎಂದೇ ಅಂದಿನ ವೈದ್ಯಲೋಕ ತಲೆ ಕೆಡಿಸಿಕೊಂಡಿತ್ತು. ಬ್ಲ್ಯಾಕ್ ಲೆಕ್ಕವನ್ನೇ ತಿರುಗಿಸಿದರು. ಬರುವ ರಕ್ತ ಹೆಚ್ಚಿಸಲಾಗದಿದ್ದರೆ ಹೃದಯದ ಖರ್ಚನ್ನೇ ತಗ್ಗಿಸೋಣ ಎಂದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಯೇ ಅಲ್ಲಿ ಔಷಧವಾಯಿತು. ಅಡ್ರಿನಲಿನ್ ಬಂದು ತಟ್ಟುವ ಮೊದಲೇ ಬೀಟಾ ಬಾಗಿಲಲ್ಲಿ ಬೇರೊಂದು ಅಣುವನ್ನು ಕಾವಲು ನಿಲ್ಲಿಸಿದರೆ ಹೃದಯ ನಿಧಾನವಾಗಿ, ಮೆದುವಾಗಿ ಬಡಿಯುತ್ತದೆ. ಅದಕ್ಕೆ ಬೇಕಾಗುವ ಆಮ್ಲಜನಕವೂ ಕಡಿಮೆ.

1958ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯ ಸೇರಿದ ಬ್ಲ್ಯಾಕ್ ತಂಡ ಮೊದಲು ಪ್ರೊನೆಥಲಾಲ್ ಎಂಬ ಅಣುವನ್ನು ಕಂಡುಕೊಂಡಿತು. ಅದು ಇಲಿಗಳಲ್ಲಿ ಗೆಡ್ಡೆ ಬೆಳೆಸುತ್ತದೆಂದು ತಿಳಿದಾಗ ಕೈಬಿಟ್ಟಿತು. ಬೆನ್ನಿಗೇ ಬಂದದ್ದು ಪ್ರೊಪ್ರನೊಲಾಲ್. 1960ರ ದಶಕದ ಮಧ್ಯದಲ್ಲಿ ಮಾರುಕಟ್ಟೆಗೆ ಇಳಿದ ಈ ಮಾತ್ರೆ ಹೃದ್ರೋಗ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. 1988ರಲ್ಲಿ ಬ್ಲ್ಯಾಕ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಹೃದಯಾಘಾತದಿಂದ ಚೇತರಿಸಿಕೊಂಡ 3,837 ಜನರ ಮೇಲೆ ಅಮೆರಿಕದಲ್ಲಿ ಪ್ರೊಪ್ರನೊಲಾಲ್ ಅಧ್ಯಯನ ನಡೆದಾಗ, ಸುಳ್ಳುಮಾತ್ರೆ ಪಡೆದವರಲ್ಲಿ ಶೇ 9.8ರಷ್ಟು ಮಂದಿ ತೀರಿಕೊಂಡಿದ್ದರೆ, ಈ ಔಷಧ ಪಡೆದವರಲ್ಲಿ ಆ ಪ್ರಮಾಣ ಶೇ 7.2 ಇತ್ತು. ಪ್ರಯೋಜನ ಅಷ್ಟು ಸ್ಪಷ್ಟವಾಗಿದ್ದರಿಂದ 1981ರಲ್ಲಿ ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಲಾಯಿತು.

‘ಲಾಲ್’ ಎಂಬ ಮನೆತನ

ಮಾತ್ರೆ ತಿನ್ನುವವರಿಗೆಲ್ಲ ತಾವು ತಿನ್ನುತ್ತಿರುವುದು ಬೀಟಾ ಬ್ಲಾಕರ್ ಎಂಬುದು ಗೊತ್ತಿರುವುದಿಲ್ಲ. ‘ಬೆಳಿಗ್ಗೆಯ ಬಿಳಿ ಮಾತ್ರೆ’, ‘ಹಾರ್ಟಿನ ಮಾತ್ರೆ’ ಎಂದೇ ಅದರ ಗುರುತು. ಒಂದು ಸುಲಭದ ಉಪಾಯವಿದೆ. ಸ್ಟ್ರಿಪ್ಪಿನ ಮೇಲೆ ಕಂಪನಿ ಇಟ್ಟ ಹೆಸರು ಇರುತ್ತದೆ. ಅದರ ಹತ್ತಿರವೇ ಔಷಧದ ನಿಜವಾದ ಹೆಸರೂ ಇರುತ್ತದೆ. ಅದು ‘ಲಾಲ್’ ಎಂದು ಮುಗಿದರೆ ಬಹುಪಾಲು ಇದೇ ಮನೆತನ: ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ನೆಬಿವೊಲಾಲ್, ಪ್ರೊಪ್ರನೊಲಾಲ್, ಕಾರ್ವೆಡಿಲಾಲ್, ಲ್ಯಾಬೆಟಲಾಲ್.

ಒಂದೇ ಮನೆತನವಾದರೂ ಎಲ್ಲರ ಸ್ವಭಾವ ಒಂದೇ ಅಲ್ಲ. ಬೀಟಾ ಬಾಗಿಲುಗಳಲ್ಲೇ ಮತ್ತೆ ಬಗೆಗಳಿವೆ. ಹೃದಯದಲ್ಲಿ ಹೆಚ್ಚಾಗಿರುವುದು ಬೀಟಾ-1, ಶ್ವಾಸನಾಳಗಳಲ್ಲಿ ಬೀಟಾ-2. ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ನೆಬಿವೊಲಾಲ್‌ಗಳು ಮುಖ್ಯವಾಗಿ ಹೃದಯದ ಬಾಗಿಲನ್ನೇ ಹುಡುಕಿಕೊಂಡು ಹೋಗುತ್ತವೆ. ಪ್ರೊಪ್ರನೊಲಾಲ್ ಎರಡನ್ನೂ ಮುಚ್ಚುತ್ತದೆ. ಕಾರ್ವೆಡಿಲಾಲ್ ಮತ್ತು ಲ್ಯಾಬೆಟಲಾಲ್ ಆಲ್ಫಾ ಬಾಗಿಲನ್ನೂ ತಡೆದು ರಕ್ತನಾಳಗಳನ್ನು ಸಡಿಲಿಸುತ್ತವೆ. ‘ನಿಮ್ಮದೂ ಹಾರ್ಟಿನ ಮಾತ್ರೆ, ನಮ್ಮದೂ ಅದೇ’ ಎಂದು ಪಕ್ಕದ ಮನೆಯವರ ಮಾತ್ರೆಯನ್ನು ಎರವಲು ಪಡೆಯಬಾರದು ಎನ್ನುವುದು ಇದಕ್ಕೇ.

ಈ ಔಷಧ ಮರೆಯಲ್ಲಿ ಕುಳಿತಿರುವ ಜಾಗಗಳೂ ಇವೆ. ಅಮ್ಲೊಡಿಪಿನ್ ಜೊತೆ ಅಟೆನೊಲಾಲ್ ಬೆರೆಸಿದ ಬಿ.ಪಿ. ಮಾತ್ರೆಗಳು ನಮ್ಮಲ್ಲಿ ಧಾರಾಳವಾಗಿ ಬಳಕೆಯಲ್ಲಿವೆ. ಬ್ರ್ಯಾಂಡಿನ ಹೆಸರಿನ ಕೊನೆಯಲ್ಲಿ ‘ಎಟಿ’ ಎಂಬ ಎರಡಕ್ಷರ ಕಂಡರೆ ಸಾಮಾನ್ಯವಾಗಿ ಒಳಗೆ ಅಟೆನೊಲಾಲ್ ಇದೆ ಎಂದರ್ಥ. ಇನ್ನೊಂದು ಮರೆಯ ಜಾಗ ಕಣ್ಣಿನ ಹನಿ. ಗ್ಲಾಕೋಮಾಗೆ ಕೊಡುವ ಟಿಮೊಲಾಲ್ ಹನಿಯೂ ಬೀಟಾ ಬ್ಲಾಕರ್. ಕಣ್ಣಿಗೆ ಬಿಟ್ಟದ್ದು ಮೂಗಿನ ಕಡೆಯ ಸಣ್ಣ ನಾಳದ ಮೂಲಕ ಇಳಿದು ರಕ್ತಕ್ಕೆ ಸೇರುತ್ತದೆ. ಉಬ್ಬಸ ಇರುವವರಿಗೆ ಈ ಹನಿಯಿಂದಲೇ ಉಸಿರು ಕಟ್ಟಿದ್ದುಂಟು, ನಾಡಿ ತೀರಾ ನಿಧಾನವಾದದ್ದುಂಟು. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿದರೆ ರಕ್ತಕ್ಕೆ ಇಳಿಯುವ ಪ್ರಮಾಣ ಕಡಿಮೆಯಾಗುತ್ತದೆ. ಕಣ್ಣಿನ ವೈದ್ಯರಿಗೆ ಉಬ್ಬಸದ ವಿಷಯವನ್ನು, ಹೃದಯದ ವೈದ್ಯರಿಗೆ ಕಣ್ಣಿನ ಹನಿಯ ವಿಷಯವನ್ನು ಹೇಳುವುದನ್ನಂತೂ ಮರೆಯಬೇಡಿ.

ಸುಸ್ತು, ಚಳಿ, ಕನಸು

ಹೊಸದಾಗಿ ಶುರು ಮಾಡಿದವರು ಮೊದಲು ಹೇಳುವುದು ಸುಸ್ತಿನ ಮಾತು. ಮೆಟ್ಟಿಲು ಹತ್ತುವಾಗ ಕಾಲು ಭಾರ, ಮಧ್ಯಾಹ್ನದ ಹೊತ್ತಿಗೆ ಮಂಕು. ಹೃದಯದ ಓಟಕ್ಕೆ ಲಗಾಮು ಬಿದ್ದಿರುವುದರಿಂದ ಹೀಗಾಗುವುದು ಸಹಜ. ಹಲವರಲ್ಲಿ ಕೆಲವು ವಾರಗಳಲ್ಲಿ ದೇಹ ಹೊಂದಿಕೊಳ್ಳುತ್ತದೆ. ಕೈಬೆರಳು, ಪಾದ ತಣ್ಣಗಾಗುವುದು ಇನ್ನೊಂದು ದೂರು. ಮಡಿಕೇರಿ, ಚಿಕ್ಕಮಗಳೂರಿನ ಚಳಿಯಲ್ಲಿ ಇರುವವರಿಗೆ ಇದು ಹೆಚ್ಚು ಕಾಡಬಹುದು. ಉಣ್ಣೆಯ ಕಾಲುಚೀಲ, ಬೆಚ್ಚನೆಯ ಹೊದಿಕೆ ಸಾಕಾಗುತ್ತದೆ. ಬೆರಳು ಬೆಳ್ಳಗಾಗಿ ನೋಯುತ್ತಿದ್ದರೆ ವೈದ್ಯರಿಗೆ ತೋರಿಸಬೇಕು.

ಮಲಗಿದ್ದವರು ತಟ್ಟನೆ ಎದ್ದಾಗ ಕಣ್ಣು ಕತ್ತಲೆ ಬರುವುದುಂಟು. ರಾತ್ರಿ ಮೂತ್ರಕ್ಕೆಂದು ಎದ್ದು ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವ ಹಿರಿಯರ ಪಾಲಿಗೆ ಇದು ಚಿಕ್ಕ ವಿಷಯವೇನಲ್ಲ. ಎದ್ದು ಕೂತು, ಒಂದು ನಿಮಿಷ ತಡೆದು, ಗೋಡೆ ಹಿಡಿದು ನಿಲ್ಲುವ ಅಭ್ಯಾಸ ಮಾಡಿಕೊಳ್ಳಬೇಕು. ಕಾರ್ವೆಡಿಲಾಲ್ ತಿನ್ನುವವರು ಅದನ್ನು ಊಟ ಅಥವಾ ತಿಂಡಿಯ ಜೊತೆಗೇ ತೆಗೆದುಕೊಂಡರೆ ಈ ತಲೆಸುತ್ತು ಕಡಿಮೆ.

ಕೆಲವರಿಗೆ ನಿದ್ದೆ ಹಾಳಾಗುತ್ತದೆ, ವಿಚಿತ್ರ ಕನಸುಗಳು ಬೀಳುತ್ತವೆ. ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್‌ನಂತಹವು ಕೊಬ್ಬಿನಲ್ಲಿ ಕರಗುವುದರಿಂದ ಮಿದುಳಿಗೆ ಸುಲಭವಾಗಿ ಇಳಿಯುತ್ತವೆ. ನಿದ್ದೆ ತರುವ ಮೆಲಟೊನಿನ್ ಎಂಬ ಹಾರ್ಮೋನನ್ನೂ ಬೀಟಾ ಬ್ಲಾಕರ್‌ಗಳು ತಗ್ಗಿಸುತ್ತವೆ. ಮಾತ್ರೆಯ ಹೊತ್ತು ಬದಲಿಸುವುದು, ನೀರಿನಲ್ಲಿ ಕರಗುವ ಅಟೆನೊಲಾಲ್‌ನಂತಹ ಔಷಧಕ್ಕೆ ಬದಲಾಯಿಸುವುದು ವೈದ್ಯರ ಕೈಯಲ್ಲಿರುವ ದಾರಿಗಳು. ಆದರೆ ಅಟೆನೊಲಾಲ್ ಹೊರಹೋಗುವುದು ಮೂತ್ರಪಿಂಡದ ಮೂಲಕ. ಕಿಡ್ನಿ ದುರ್ಬಲವಿರುವವರಲ್ಲಿ ಅದು ದೇಹದಲ್ಲೇ ಉಳಿದು ಶೇಖರವಾಗುತ್ತದೆ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗದು ಎನ್ನುವುದಕ್ಕೆ ಇದೇ ಸಾಕ್ಷಿ.

ಈ ಮಾತ್ರೆಯಿಂದ ಖಿನ್ನತೆ ಬರುತ್ತದೆ ಎಂಬ ನಂಬಿಕೆ ದಶಕಗಳಿಂದಲೂ ಇದೆ. 35,000ಕ್ಕೂ ಹೆಚ್ಚು ರೋಗಿಗಳಿದ್ದ 15 ಅಧ್ಯಯನಗಳನ್ನು ಒಟ್ಟಿಗೆ ಅಳೆದು ನೋಡಿದ 2002ರ ವಿಶ್ಲೇಷಣೆಯಲ್ಲಿ ಖಿನ್ನತೆಯ ಲಕ್ಷಣಗಳು ಗಣನೀಯವಾಗಿ ಹೆಚ್ಚಾದದ್ದು ಕಾಣಲಿಲ್ಲ. ಸುಸ್ತು ವರ್ಷಕ್ಕೆ ಸಾವಿರ ಮಂದಿಯಲ್ಲಿ ಸುಮಾರು 18 ಜನರಿಗೆ, ಲೈಂಗಿಕ ತೊಂದರೆ ಸಾವಿರಕ್ಕೆ 5 ಜನರಿಗೆ ಹೆಚ್ಚುವರಿಯಾಗಿ ಕಾಣಿಸಿತ್ತು. ಹಾಗೆಂದು ಮನಸ್ಸು ಕುಗ್ಗಿದವರು ಸುಮ್ಮನಿರಬೇಕಿಲ್ಲ. ಹೃದಯಾಘಾತವಾದವರಲ್ಲಿ ಖಿನ್ನತೆ ತಾನಾಗಿಯೇ ಹೆಚ್ಚು. ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕಾಗುತ್ತದೆ.

ಹೇಳಿಕೊಳ್ಳಲಾಗದ ಮಾತು

ಗಂಡಸರು ವೈದ್ಯರೆದುರು ಬಾಯಿಬಿಡದೆ, ಮನೆಗೆ ಬಂದು ಮಾತ್ರೆಯನ್ನು ಕಸದ ಬುಟ್ಟಿಗೆ ಹಾಕುವುದಕ್ಕೆ ದೊಡ್ಡ ಕಾರಣ ಲೈಂಗಿಕ ಶಕ್ತಿ ಕುಂದುತ್ತದೆಂಬ ಭಯ. ಇದರ ಬಗ್ಗೆ ಇಟಲಿಯ ವೈದ್ಯರು 2003ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಅಧ್ಯಯನವನ್ನು ಎಲ್ಲರೂ ತಿಳಿದಿರಬೇಕು. 96 ಗಂಡಸರಿಗೆ ಅಟೆನೊಲಾಲ್ ಕೊಟ್ಟರು. ಮೊದಲ ಗುಂಪಿನವರಿಗೆ ಯಾವ ಔಷಧವೆಂದೇ ತಿಳಿಸಲಿಲ್ಲ. ಎರಡನೆಯ ಗುಂಪಿಗೆ ಹೆಸರು ಮಾತ್ರ ಹೇಳಿದರು. ಮೂರನೆಯವರಿಗೆ ಹೆಸರಿನ ಜೊತೆ, ಇದರಿಂದ ಲೈಂಗಿಕ ತೊಂದರೆ ಆಗಬಹುದು ಎಂದೂ ಹೇಳಿದರು. ಏನೂ ತಿಳಿಯದವರಲ್ಲಿ ಸುಮಾರು ಶೇ 3, ಹೆಸರು ತಿಳಿದವರಲ್ಲಿ ಶೇ 16, ಎಲ್ಲ ತಿಳಿದವರಲ್ಲಿ ಶೇ 31 ಮಂದಿ ತೊಂದರೆ ಇದೆ ಎಂದರು. ಮಾತ್ರೆ ಅದೇ, ಪ್ರಮಾಣ ಅದೇ. ಹೆಚ್ಚಿದ್ದು ಆತಂಕ.

ಎಲ್ಲವೂ ಮನಸ್ಸಿನ ಆಟ ಎಂದು ಇದರ ಅರ್ಥವಲ್ಲ. ಕೆಲವರಿಗೆ ತೊಂದರೆ ನಿಜಕ್ಕೂ ಆಗುತ್ತದೆ. ಸಕ್ಕರೆ ಕಾಯಿಲೆ, ರಕ್ತನಾಳದ ಕಾಯಿಲೆಗಳೂ ಅದೇ ತೊಂದರೆ ಕೊಡುತ್ತವೆ. ಸಂಕೋಚ ಬಿಟ್ಟು ಹೇಳಿಕೊಂಡರೆ ನೆಬಿವೊಲಾಲ್‌ನಂತಹ ಬೇರೆ ಔಷಧವನ್ನು ವೈದ್ಯರು ಯೋಚಿಸಬಹುದು. ಒಂದು ಎಚ್ಚರಿಕೆ: ಎದೆನೋವಿಗೆಂದು ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆ ಬಳಸುವವರು ಲೈಂಗಿಕ ತೊಂದರೆಗೆಂದು ಸಿಲ್ಡೆನಾಫಿಲ್ ಜಾತಿಯ ಮಾತ್ರೆಯನ್ನು ತಾವಾಗಿಯೇ ಕೊಂಡು ನುಂಗಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು.

ಕೆಂಪು ದೀಪಗಳು

ಇಷ್ಟು ಹೊತ್ತು ಹೇಳಿದ್ದು ಕಿರಿಕಿರಿಯ ಸಂಗತಿ. ಇನ್ನು ಮುಂದಿನವು ಅಪಾಯದ ಸಂಗತಿ.

ಮೊದಲನೆಯದು ಉಬ್ಬಸ. ಶ್ವಾಸನಾಳಗಳನ್ನು ತೆರೆದಿಡುವ ಬೀಟಾ-2 ಬಾಗಿಲು ಮುಚ್ಚಿದರೆ ನಾಳಗಳು ಬಿಗಿದುಕೊಳ್ಳುತ್ತವೆ. ಆಗ ಇನ್‌ಹೇಲರಿನ ಸಾಲ್ಬುಟಮಾಲ್ ಕೂಡ ಸರಿಯಾಗಿ ಕೆಲಸ ಮಾಡದೆ ಹೋಗಬಹುದು, ಏಕೆಂದರೆ ಅದೂ ತಟ್ಟಬೇಕಾದದ್ದು ಅದೇ ಬಾಗಿಲನ್ನು. ಅಸ್ತಮಾ ಇರುವವರಿಗೆ ಪ್ರೊಪ್ರನೊಲಾಲ್ ಕೊಡುವಂತಿಲ್ಲ. ಹೃದಯವನ್ನೇ ಆರಿಸಿಕೊಳ್ಳುವ ಬಗೆಗಳನ್ನೂ ತೀರಾ ಅಗತ್ಯವಿದ್ದರೆ ಮಾತ್ರ, ಎಚ್ಚರದಿಂದ ಕೊಡುತ್ತಾರೆ. ಬೀಡಿ, ಸಿಗರೇಟಿನಿಂದ ಶ್ವಾಸಕೋಶ ಹಾಳಾದ ಸಿಒಪಿಡಿ ರೋಗಿಗಳಲ್ಲಿ ಹೃದಯದ ಕಾರಣಕ್ಕೆ ಈ ಬಗೆಯ ಔಷಧವನ್ನು ಹಲವು ಬಾರಿ ಕೊಡಲಾಗುತ್ತದೆ. ಅದನ್ನು ತೀರ್ಮಾನಿಸಬೇಕಾದವರು ವೈದ್ಯರು.

ಎರಡನೆಯದು ಸಕ್ಕರೆ ಕಾಯಿಲೆ. ರಕ್ತದ ಸಕ್ಕರೆ ಕುಸಿದಾಗ ಎದೆ ಹೊಡೆದುಕೊಂಡು, ಕೈ ನಡುಗಿ ದೇಹ ಗಂಟೆ ಬಾರಿಸುತ್ತದೆ. ಆ ಗಂಟೆಯನ್ನು ಬೀಟಾ ಬ್ಲಾಕರ್ ಅಡಗಿಸಿಬಿಡುತ್ತದೆ. ಉಳಿಯುವ ಒಂದು ಗುರುತು ಬೆವರು. ಇನ್ಸುಲಿನ್ ಅಥವಾ ಸಕ್ಕರೆ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಏಕಾದಶಿ, ಶಿವರಾತ್ರಿ, ರಂಜಾನ್ ಎಂದು ಉಪವಾಸ ಮಾಡುವ ಮೊದಲು ವೈದ್ಯರನ್ನು ಕೇಳಲೇಬೇಕು. ಸೆಕೆಯಿಲ್ಲದೆ ಮೈ ಬೆವರಿದರೆ, ಮಾತು ತೊದಲಿದರೆ, ಮಂಕು ಕವಿದರೆ ‘ಉಪವಾಸದ ಸುಸ್ತು’ ಎಂದು ಮಲಗಿಸಬೇಡಿ. ಗ್ಲೂಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ, ಅಥವಾ ನೋಡಲು ಮೀಟರೇ ಇಲ್ಲದಿದ್ದರೆ, ಎಚ್ಚರವಿರುವವರಿಗೆ ಕೂಡಲೇ ಸಕ್ಕರೆ ನೀರು ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಿ.

ಮೂರನೆಯದು ತೀರಾ ನಿಧಾನವಾದ ನಾಡಿ. ವೆರಾಪಮಿಲ್, ಡಿಲ್ಟಿಯಾಜೆಮ್ ಎಂಬ ಔಷಧಗಳೂ ಹೃದಯ ಬಡಿತವನ್ನು ತಗ್ಗಿಸುತ್ತವೆ. ಬೀಟಾ ಬ್ಲಾಕರ್ ಜೊತೆ ಇವು ಕೂಡಿದರೆ ಬಡಿತ ಅಪಾಯದ ಮಟ್ಟಕ್ಕೆ ಇಳಿಯಬಹುದು. ಡಿಗಾಕ್ಸಿನ್, ಅಮಿಯೊಡರೋನ್ ಇರುವಲ್ಲೂ ಎಚ್ಚರ ಬೇಕು. ಮನಸ್ಸಿನ ಕಾಯಿಲೆಗೆ ಕೊಡುವ ಫ್ಲುಯಾಕ್ಸೆಟಿನ್, ಪರಾಕ್ಸೆಟಿನ್ ಮಾತ್ರೆಗಳು ಮೆಟೊಪ್ರೊಲಾಲ್ ದೇಹದಿಂದ ಹೊರಹೋಗುವುದನ್ನು ತಡೆದು, ಅದೇ ಮಾತ್ರೆ ಹೆಚ್ಚು ಪ್ರಮಾಣದಂತೆ ಕೆಲಸ ಮಾಡುವ ಹಾಗೆ ಮಾಡುತ್ತವೆ. ಮೂಳೆನೋವಿಗೆಂದು ಅಂಗಡಿಯಿಂದ ತಂದು ದಿನವೂ ನುಂಗುವ ನೋವಿನ ಮಾತ್ರೆಗಳು ಬಿ.ಪಿ. ಇಳಿಸುವ ಇದರ ಶಕ್ತಿಯನ್ನು ಕುಗ್ಗಿಸುತ್ತವೆ. ಬೇರೆಬೇರೆ ವೈದ್ಯರ ಬಳಿ ಹೋಗುವವರು ಎಲ್ಲ ಚೀಟಿಗಳನ್ನೂ ಒಂದೇ ಚೀಲದಲ್ಲಿಟ್ಟು ಪ್ರತಿಯೊಬ್ಬರಿಗೂ ತೋರಿಸಬೇಕಾದ ಕಾರಣ ಇದೇ.

ಗರ್ಭಿಣಿಯರ ವಿಷಯದಲ್ಲಿ ಅಟೆನೊಲಾಲ್ ಮಗುವಿನ ಬೆಳವಣಿಗೆಯನ್ನು ಕುಂಠಿಸಬಹುದು. ಅವರ ಬಿ.ಪಿ.ಗೆ ಸಾಮಾನ್ಯವಾಗಿ ಲ್ಯಾಬೆಟಲಾಲ್ ಕೊಡುವುದುಂಟು. ಗರ್ಭ ನಿಂತಿದೆ ಎಂದು ತಿಳಿದ ದಿನವೇ ಮಾತ್ರೆಯ ವಿಷಯ ವೈದ್ಯರ ಕಿವಿಗೆ ಬೀಳಬೇಕು.

ಕಾವಲು ತಟ್ಟನೆ ತೆಗೆದರೆ

ಈಗ ಮೊದಲಿನ ಮಾತಿಗೆ ಬರೋಣ. ತಿಂಗಳುಗಟ್ಟಲೆ ಬೀಟಾ ಬಾಗಿಲಲ್ಲಿ ಕಾವಲು ನಿಂತಾಗ ದೇಹ ಸುಮ್ಮನಿರುವುದಿಲ್ಲ. ಅಡ್ರಿನಲಿನ್ನಿನ ದನಿ ಕೇಳಿಸುತ್ತಿಲ್ಲವಲ್ಲ ಎಂದು ಇನ್ನಷ್ಟು ಬಾಗಿಲುಗಳನ್ನು ತೆರೆದಿಟ್ಟುಕೊಳ್ಳುತ್ತದೆ. ಮಾತ್ರೆ ತಟ್ಟನೆ ನಿಂತರೆ ಕಾವಲು ಹೋಗುತ್ತದೆ, ಬಾಗಿಲುಗಳು ಮಾತ್ರ ಮೊದಲಿಗಿಂತ ಹೆಚ್ಚಿರುತ್ತವೆ. ಅಡ್ರಿನಲಿನ್ ಒಮ್ಮೆಲೇ ಒಳನುಗ್ಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ. ರಕ್ತನಾಳ ಮೊದಲೇ ಕಿರಿದಾಗಿರುವವರಲ್ಲಿ ಎದೆನೋವು, ಹೃದಯಾಘಾತ, ಸಾವೂ ಸಂಭವಿಸಬಹುದು. ಇದೆಲ್ಲ ಕೆಲವೇ ದಿನಗಳಲ್ಲಿ ಆಗಬಹುದು. 1970ರ ದಶಕದ ಮಧ್ಯದಲ್ಲಿ ಇಂತಹ ಪ್ರಕರಣಗಳು ವೈದ್ಯಪತ್ರಿಕೆಗಳಲ್ಲಿ ವರದಿಯಾದವು. ಅಮೆರಿಕದಲ್ಲಿ ಇಂದಿಗೂ ಪ್ರೊಪ್ರನೊಲಾಲ್, ಅಟೆನೊಲಾಲ್, ಮೆಟೊಪ್ರೊಲಾಲ್‌ಗಳ ಮಾಹಿತಿ ಹಾಳೆಯ ಮೇಲೆ ‘ಒಮ್ಮೆಲೇ ನಿಲ್ಲಿಸಬೇಡಿ’ ಎಂಬ ಎಚ್ಚರಿಕೆಯನ್ನು ಮುದ್ರಿಸುತ್ತಾರೆ.

ಹಾಗಾದರೆ ಬಿಡುವುದೇ ಇಲ್ಲವೇ? ಬಿಡಬಹುದು. ವೈದ್ಯರು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಪ್ರಮಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಆ ದಿನಗಳಲ್ಲಿ ಭಾರ ಎತ್ತುವುದು, ಓಡುವುದು ಬೇಡ. ಎದೆನೋವು ಕಾಣಿಸಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಬಿಡಬೇಕೇ ಎಂಬ ಪ್ರಶ್ನೆ ಈಗ ವೈದ್ಯಲೋಕದಲ್ಲೂ ಬಿಸಿಯಾಗಿದೆ. ಹೃದಯಾಘಾತವಾದವರೆಲ್ಲ ಜೀವನಪೂರ್ತಿ ಇದನ್ನು ತಿನ್ನಬೇಕು ಎಂಬುದು ಸ್ಟೆಂಟ್, ಸ್ಟ್ಯಾಟಿನ್‌ಗಳು ಇಲ್ಲದ ಕಾಲದ ಲೆಕ್ಕ. ಹೃದಯದ ಪಂಪ್ ಮಾಡುವ ಶಕ್ತಿ ಚೆನ್ನಾಗಿ ಉಳಿದಿದ್ದ 5,020 ಜನರ ಮೇಲೆ ಮುಖ್ಯವಾಗಿ ಸ್ವೀಡನ್‌ನಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೀಟಾ ಬ್ಲಾಕರ್‌ನಿಂದ ವಿಶೇಷ ಲಾಭ ಕಾಣಲಿಲ್ಲ. 2025ರಲ್ಲಿ ಸ್ಪೇನ್, ಇಟಲಿಗಳ ಅಧ್ಯಯನವೂ ಅದನ್ನೇ ಹೇಳಿತು. ಅದೇ ವರ್ಷ ನಾರ್ವೆ, ಡೆನ್ಮಾರ್ಕ್‌ಗಳ ಅಧ್ಯಯನ ಅಲ್ಪ ಲಾಭವಿದೆ ಎಂದಿತು. ಈಗಾಗಲೇ ತಿನ್ನುತ್ತಿದ್ದವರಿಗೆ ನಿಲ್ಲಿಸಿ ನೋಡಿದ ಫ್ರಾನ್ಸಿನ ಅಧ್ಯಯನದಲ್ಲಿ, ನಿಲ್ಲಿಸಿದವರು ಹೃದಯದ ತೊಂದರೆಗೆ ಆಸ್ಪತ್ರೆ ಸೇರಿದ್ದು ಹೆಚ್ಚು. ಹಾಗಾಗಿ ‘ನನ್ನ ಹೃದಯದ ಪಂಪಿಂಗ್ ಎಷ್ಟಿದೆ? ಈ ಮಾತ್ರೆ ನನಗೆ ಇನ್ನೂ ಬೇಕೇ?’ ಎಂದು ವರ್ಷಕ್ಕೊಮ್ಮೆ ವೈದ್ಯರನ್ನು ಕೇಳುವ ಹಕ್ಕು ಪ್ರತಿ ರೋಗಿಗೂ ಇದೆ. ಉತ್ತರವನ್ನು ತಾನೇ ಕೊಟ್ಟುಕೊಂಡು ಮಾತ್ರೆ ಎಸೆಯುವುದು ಆ ಹಕ್ಕಿನೊಳಗೆ ಬರುವುದಿಲ್ಲ.

ಶತ್ರು ಎಂದುಕೊಂಡದ್ದೇ ನೆಂಟನಾದಾಗ

ಹೃದಯ ದುರ್ಬಲವಾಗಿ ಕಾಲು ಊದಿಕೊಂಡು, ಮಲಗಿದರೆ ಉಸಿರು ಕಟ್ಟುವ ಸ್ಥಿತಿಗೆ ಹೃದಯ ವೈಫಲ್ಯ ಎನ್ನುತ್ತಾರೆ. ಬಡಿಯಲಾರದ ಹೃದಯಕ್ಕೆ ಬಡಿತ ತಗ್ಗಿಸುವ ಔಷಧ ಕೊಡುವುದು ಮಹಾಪರಾಧ ಎಂದು ಒಂದು ಕಾಲದಲ್ಲಿ ಕಲಿಸುತ್ತಿದ್ದರು. 1975ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು ಇಂತಹ 7 ರೋಗಿಗಳಿಗೆ ಬೀಟಾ ಬ್ಲಾಕರ್ ಕೊಟ್ಟು ಚೇತರಿಕೆ ಕಂಡದ್ದನ್ನು ಬರೆದಾಗ ನಂಬಿದವರು ಕಡಿಮೆ. ವೈದ್ಯಲೋಕ ಒಪ್ಪಿಕೊಳ್ಳಲು ಎರಡು ದಶಕಗಳೇ ಹಿಡಿದವು. 1999ರಲ್ಲಿ ಪ್ರಕಟವಾದ ಬಿಸೊಪ್ರೊಲಾಲ್ ಅಧ್ಯಯನದಲ್ಲಿ ಸುಳ್ಳುಮಾತ್ರೆ ಪಡೆದವರಲ್ಲಿ ಶೇ 17ರಷ್ಟಿದ್ದ ಸಾವು, ಔಷಧ ಪಡೆದವರಲ್ಲಿ ಶೇ 12ಕ್ಕೆ ಇಳಿದಿತ್ತು. ಇಂದು ಪಂಪಿಂಗ್ ಕುಗ್ಗಿದ ಹೃದಯ ವೈಫಲ್ಯಕ್ಕೆ ಬಿಸೊಪ್ರೊಲಾಲ್, ಕಾರ್ವೆಡಿಲಾಲ್, ನಿಧಾನವಾಗಿ ಬಿಡುಗಡೆಯಾಗುವ ಮೆಟೊಪ್ರೊಲಾಲ್ ಜೀವ ಉಳಿಸುವ ಔಷಧಗಳು.

ಗುಟ್ಟಿರುವುದು ಪ್ರಮಾಣದಲ್ಲಿ. ಬಿಸೊಪ್ರೊಲಾಲ್ ಶುರುವಾಗುವುದು 1.25 ಮಿಲಿಗ್ರಾಂನಿಂದ, ಗುರಿ 10 ಮಿಲಿಗ್ರಾಂ. ಎರಡೆರಡು ವಾರಕ್ಕೋ ಇನ್ನೂ ನಿಧಾನಕ್ಕೋ ಏರಿಸುತ್ತಾ ಹೋಗುತ್ತಾರೆ. ಮೊದಲ ವಾರಗಳಲ್ಲಿ ಸುಸ್ತು, ಊತ ಹೆಚ್ಚಿದಂತೆ ಕಾಣಬಹುದು. ದಿನವೂ ಬೆಳಿಗ್ಗೆ ತೂಕ ನೋಡಿ ಬರೆದಿಡಬೇಕು. ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ, ಮಲಗಲಾಗದಷ್ಟು ಉಸಿರು ಕಟ್ಟಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಧೈರ್ಯದ ಮಾತ್ರೆಯಲ್ಲ

ಸಂದರ್ಶನದ ನಡುಕ, ವೇದಿಕೆಯ ಭಯ ಕಳೆಯಲು ಪ್ರೊಪ್ರನೊಲಾಲ್ ನುಂಗುವ ಚಾಳಿಯೂ ಇದೆ. ಕೈ ನಡುಕ ನಿಲ್ಲುವುದು ನಿಜ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಪಿಸ್ತೂಲ್ ಶೂಟರ್ ಕಿಮ್ ಜಾಂಗ್-ಸು ಎರಡು ಪದಕ ಕಳೆದುಕೊಂಡದ್ದು ಇದೇ ಔಷಧದಿಂದ. ಮೈಗ್ರೇನ್, ನಡುಕದ ಕಾಯಿಲೆ, ಥೈರಾಯ್ಡ್ ಅತಿಯಾದಾಗಿನ ಎದೆಬಡಿತ ಇವುಗಳಿಗೆ ವೈದ್ಯರು ಇದನ್ನು ಕೊಡುತ್ತಾರೆ. ಆದರೆ ಉಬ್ಬಸವಿದೆ ಎಂದು ಗೊತ್ತೇ ಇರದ ಹುಡುಗನೊಬ್ಬ ಸ್ನೇಹಿತನ ಮಾತು ಕೇಳಿ ನುಂಗಿದರೆ ಗತಿಯೇನು? ಅತಿ ಪ್ರಮಾಣದಲ್ಲಿ ಪ್ರೊಪ್ರನೊಲಾಲ್ ಪ್ರಾಣಾಂತಿಕ. ಮಕ್ಕಳ ಕೈಗೆ, ಮನನೊಂದವರ ಕೈಗೆ ಸಿಗದಂತೆ ಇಡುವುದು ಮನೆಯವರ ಹೊಣೆ.

ಮನೆಯಲ್ಲಿ ಮಾಡಬೇಕಾದದ್ದು

ನಾಡಿ ಎಣಿಸಲು ಕಲಿಯಿರಿ. ಐದು ನಿಮಿಷ ಸುಮ್ಮನೆ ಕೂತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಈ ಮಾತ್ರೆ ತಿನ್ನುವವರಿಗೆ 60ರ ಆಸುಪಾಸು ಸಾಮಾನ್ಯ. 50ಕ್ಕಿಂತ ಕೆಳಗಿಳಿದರೆ ಮುಂದಿನ ಮಾತ್ರೆಗೆ ಮೊದಲು ವೈದ್ಯರಿಗೆ ಫೋನ್ ಮಾಡಿ. ಜೊತೆಗೆ ತಲೆಸುತ್ತು, ಉಸಿರುಕಟ್ಟು, ಎಚ್ಚರ ತಪ್ಪುವುದು ಇದ್ದರೆ ಆಸ್ಪತ್ರೆಗೇ ಹೋಗಿ.

ದಿನವೂ ಒಂದೇ ಹೊತ್ತಿಗೆ ತೆಗೆದುಕೊಳ್ಳಿ. ಒಂದು ಹೊತ್ತು ಮರೆತರೆ ನೆನಪಾದಾಗ ತಿನ್ನಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಬಿಟ್ಟದ್ದನ್ನು ಬಿಟ್ಟುಬಿಡಿ, ಎರಡನ್ನು ಒಟ್ಟಿಗೆ ನುಂಗಬೇಡಿ. ಹೆಸರಿನ ಮುಂದೆ ‘ಎಕ್ಸ್‌ಎಲ್’ ಎಂದಿರುವ ಮಾತ್ರೆ ಇಡೀ ದಿನ ನಿಧಾನವಾಗಿ ಕರಗಬೇಕಾದದ್ದು. ಅದನ್ನು ಕುಟ್ಟಿ ಪುಡಿ ಮಾಡಬಾರದು, ಅಗಿಯಬಾರದು.

ವಾಕಿಂಗ್ ನಿಲ್ಲಿಸಬೇಡಿ. ಆದರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಕೈಗಡಿಯಾರ ತೋರಿಸುವ ಬಡಿತವನ್ನು ಗುರಿಯಾಗಿ ಇಟ್ಟುಕೊಳ್ಳಬೇಡಿ. ಈ ಮಾತ್ರೆ ತಿಂದವರ ಬಡಿತ ಅಷ್ಟಕ್ಕೆ ಏರುವುದೇ ಇಲ್ಲ. ನಡೆಯುತ್ತಲೇ ಮಾತಾಡಲು ಆಗುವಷ್ಟು ವೇಗ ಸಾಕು.

ಹಲ್ಲು ಕೀಳಿಸುವಾಗ, ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ವೈದ್ಯರಿಗೆ ಈ ಮಾತ್ರೆಯ ವಿಷಯ ಹೇಳಿ. ಮೊದಲಿಂದ ತಿನ್ನುತ್ತಿದ್ದವರು ಆಪರೇಷನ್ ದಿನವೂ ಸಾಮಾನ್ಯವಾಗಿ ಮುಂದುವರಿಸಬೇಕಾಗುತ್ತದೆ. ಹಾಗೆಂದು ಆಪರೇಷನ್ ಹತ್ತಿರ ಬಂದಾಗ ದೊಡ್ಡ ಪ್ರಮಾಣದಲ್ಲಿ ಹೊಸದಾಗಿ ಶುರು ಮಾಡುವುದು ಒಳ್ಳೆಯದಲ್ಲ. 8,351 ಜನರ ಮೇಲೆ ನಡೆದ 2008ರ ಅಧ್ಯಯನದಲ್ಲಿ ಹಾಗೆ ಮಾಡಿದಾಗ ಹೃದಯಾಘಾತ ಕಡಿಮೆಯಾದರೂ ಸಾವು, ಪಾರ್ಶ್ವವಾಯು ಹೆಚ್ಚಾದವು. ಜೇನುಹುಳು ಕಚ್ಚಿದರೆ ಮೈಯೆಲ್ಲ ಊದಿಕೊಳ್ಳುವಂತಹ ಅಲರ್ಜಿ ಇರುವವರೂ ವೈದ್ಯರಿಗೆ ಮೊದಲೇ ತಿಳಿಸಿ. ಜೀವ ಉಳಿಸಲು ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಇವರಿಗೆ ಬೇಗ ನಾಟದೆ ಹೋಗಬಹುದು.

ಕೊನೆಯದಾಗಿ ಒಂದು ಕೋರಿಕೆ. ಇವತ್ತು ಸಂಜೆ ನಿಮ್ಮ ಮನೆಯ ಹಿರಿಯರ ಮಾತ್ರೆಯ ಡಬ್ಬಿ ತೆರೆಯಿರಿ. ಔಷಧಗಳ ನಿಜವಾದ ಹೆಸರುಗಳನ್ನು ಓದಿ. ‘ಲಾಲ್’ ಎಂದು ಮುಗಿಯುವುದು ಇದ್ದರೆ, ಅದರ ಹೆಸರು ಮತ್ತು ಪ್ರಮಾಣವನ್ನು ಒಂದು ಚೀಟಿಯಲ್ಲಿ ಬರೆದು ಅವರ ಪರ್ಸಿನಲ್ಲಿಡಿ. ಇನ್ನೊಂದು ವಾರಕ್ಕೆ ಸಾಲುವಷ್ಟು ಮಾತ್ರೆ ಉಳಿದಿರುವಾಗಲೇ ಹೊಸ ಸ್ಟ್ರಿಪ್ ತಂದಿಡಿ. ಊರಿಗೆ ಹೊರಡುವ ದಿನ ಮೊದಲು ಬ್ಯಾಗಿಗೆ ಹೋಗಬೇಕಾದದ್ದು ಆ ಡಬ್ಬಿ. ಸೀರೆ, ಪಂಚೆ ಮರೆತರೆ ಊರಲ್ಲಿ ಯಾರಾದರೂ ಕೊಟ್ಟಾರು.